ಟನಲ್‌ನ ಆ ತುದಿ: ನಂಬರ್ ಬರೆಯೋದಾ, ಹೆಸರು ಬರೆಯೋದಾ, ಖಾಲಿ ಬಿಡೋದಾ?

ಈ ಸಂಚಿಕೆಯನ್ನ ನೀವು ಬಸ್ಸಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ಕೇಳ್ತಾ ಇದ್ರೆ, ನನ್ನ ಧ್ವನಿ ನಿಮಗೆ ತಲುಪ್ತಾ ಇರೋದು ಒಂದು ಸುರಂಗದ ಮೂಲಕ. ಮೆಟ್ರೋ ಸುರಂಗ ಅಲ್ಲ, ಡೇಟಾ ಸುರಂಗ. ನೆಟ್‌ವರ್ಕಿಂಗ್ ಕೆಲಸ ಮಾಡೋರು ಇದನ್ನ ಟನಲ್ ಅಂತಾರೆ, ನಾನೂ ಹಾಗೇ ಅಂತೀನಿ.

ಫೋನ್ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕಿದ್ರೆ ಆಕ್ಸೆಸ್ ಪಾಯಿಂಟ್ ನೇಮ್ಸ್ ಅಂತ ಒಂದು ಜಾಗ ಸಿಗುತ್ತೆ. ಎಪಿಎನ್. ಜಿಯೋ ಸಿಮ್ ಇದ್ರೆ ಅಲ್ಲಿ ‘ಜಿಯೋನೆಟ್’ ಅಂತ ಇರುತ್ತೆ, ಬಿಎಸ್‌ಎನ್‌ಎಲ್ ಆದ್ರೆ ‘ಬಿಎಸ್‌ಎನ್‌ಎಲ್‌ನೆಟ್’. ಕೀಪ್ಯಾಡ್ ಫೋನ್ ಕಾಲದಲ್ಲಿ ನೆಟ್ ಬರದೇ ಇದ್ರೆ ಕಸ್ಟಮರ್ ಕೇರ್‌ನವರು ಸೆಟ್ಟಿಂಗ್ಸ್ ಮೆಸೇಜ್ ಕಳಿಸ್ತಾ ಇದ್ರಲ್ಲ, ಅದರಲ್ಲಿ ಇರ್ತಾ ಇದ್ದದ್ದು ಮುಖ್ಯವಾಗಿ ಇದೇ ಒಂದು ಪದ. ಆ ಪದವನ್ನ ನಿಮ್ಮ ಫೋನು ಕಂಪನಿಯ ನೆಟ್‌ವರ್ಕ್‌ಗೆ ಹೇಳುತ್ತೆ. ಕಂಪನಿಯ ಒಳಗಿನ ಒಂದು ಡಿಎನ್‌ಎಸ್ ಆ ಹೆಸರನ್ನ ಒಂದು ಗೇಟ್‌ವೇಯ ಐಪಿ ನಂಬರ್‌ಗೆ ಬದಲಾಯಿಸುತ್ತೆ. ಆಮೇಲೆ ಟವರ್ ಕಡೆಯಿಂದ ಆ ಗೇಟ್‌ವೇ ತನಕ ಒಂದು ಟನಲ್ ಕಟ್ಟಲಾಗುತ್ತೆ. ನೀವು ದುಬೈಗೆ ಹೋಗಿ ರೋಮಿಂಗ್‌ನಲ್ಲಿ ಇದ್ರೂ ಸಾಮಾನ್ಯವಾಗಿ ಇದೇ ಕಥೆ: ಆ ಹೆಸರಿನ ಹಿಂದೆ ನಿಮ್ಮ ದೇಶದ, ನಿಮ್ಮ ಕಂಪನಿಯ ಕೋಡ್ ಸೇರಿಸಿ, ಟನಲ್ ಅಲ್ಲಿಂದ ಭಾರತದ ಗೇಟ್‌ವೇವರೆಗೂ ಬರುತ್ತೆ. ಅಲ್ಲಿ ಕೂತು ಕನ್ನಡ ಸುದ್ದಿ ಓದಿದ್ರೂ ವೆಬ್‌ಸೈಟಿನ ಕಣ್ಣಿಗೆ ನೀವು ಇನ್ನೂ ಊರಲ್ಲೇ ಇದ್ದೀರಿ.

ಫೋನ್ ಕಂಪನಿಗಳು ಟನಲ್‌ನ ಆ ತುದಿಯನ್ನ ಹೆಸರಿನಿಂದ ಹೇಳೋದು ಅಂತ ತೀರ್ಮಾನ ಮಾಡಿದ್ವು. ಆದರೆ ಸಾಧಾರಣ ರೌಟರ್‌ಗಳ ಲೋಕದಲ್ಲಿ ಈ ಪ್ರಶ್ನೆ ಮೂವತ್ತು ವರ್ಷ ಎಳೆದಾಡಿದೆ. ಒಂದು ರೌಟರ್‌ನಲ್ಲಿ ಟನಲ್ ಹಾಕ್ಬೇಕು. ಆ ತುದಿ ಎಲ್ಲಿದೆ ಅಂತ ಅದಕ್ಕೆ ಹೇಳ್ಬೇಕು. ನಂಬರ್ ಬರೆಯೋದಾ? ಹೆಸರು ಬರೆಯೋದಾ? ಏನೂ ಬರೀದೆ ‘ಬಂದವರು ಬರಲಿ’ ಅಂತ ಬಿಡೋದಾ? ನೋಡೋಕೆ ಬರೀ ಒಂದು ಸಾಲು. ಅದರ ಹಿಂದೆ ಇರೋದು ಇಂಟರ್‌ನೆಟ್‌ನಲ್ಲಿ ಯಾರಿಗೆ ವಿಳಾಸ ಇದೆ, ಯಾರಿಗೆ ಇಲ್ಲ ಅನ್ನೋ ಚರಿತ್ರೆ. ನಾನು ಓದಿದ್ದು ಬಿ.ಕಾಂ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಲೆಕ್ಕದ ಪುಸ್ತಕದ ಕಣ್ಣಿಂದಲೇ ಇದನ್ನ ನೋಡ್ತೀನಿ.

ಮೊದಲು ಟನಲ್ ಅಂದ್ರೇನು ಅಂತ ಒಂದೇ ಮಾತಲ್ಲಿ: ಲಕೋಟೆಯೊಳಗೆ ಲಕೋಟೆ. ಮಧ್ಯದ ಅಂಚೆಯವರಿಗೆ ಒಳಗಿನ ಲಕೋಟೆಯ ಭಾಷೆ ಬರಲ್ಲ, ಅಥವಾ ಅವರು ಅದನ್ನ ನೋಡೋದು ನಿಮಗೆ ಇಷ್ಟ ಇಲ್ಲ. ಅದಕ್ಕೆ ಮೇಲೊಂದು ಲಕೋಟೆ ಹಾಕಿ, ಅವರಿಗೆ ಅರ್ಥ ಆಗೋ ವಿಳಾಸ ಬರೆದು ಕಳಿಸ್ತೀರಿ. ಆ ಕಡೆ ಇರೋರು ಮೇಲಿನದನ್ನ ಹರಿದು ಒಳಗಿನದನ್ನ ಮುಂದಕ್ಕೆ ಕೊಡ್ತಾರೆ. ಹೊರಗಿನ ಲಕೋಟೆಯ ಮೇಲೆ ಎರಡು ವಿಳಾಸ ಇರುತ್ತೆ: ಈ ತುದಿ, ಆ ತುದಿ. ಇವತ್ತಿನ ಮಾತೆಲ್ಲ ಆ ಎರಡನೆಯದರ ಬಗ್ಗೆ.

1992ರ ಮಾರ್ಚ್‌ಗೆ ಹೋಗೋಣ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಐಇಟಿಎಫ್ ಸಭೆ. ಇಂಟರ್‌ನೆಟ್‌ನ ನಿಯಮಗಳನ್ನ ಬರೆಯೋ ಎಂಜಿನಿಯರ್‌ಗಳ ಕೂಟ ಅದು. ಅಲ್ಲಿನ ಮಾತುಗಳನ್ನ ನೇರವಾಗಿ ಇಂಟರ್‌ನೆಟ್ ಮೇಲೆ 20 ಕಡೆಗೆ ಕೇಳಿಸಿದ್ರು. ಸ್ಟೀವ್ ಕ್ಯಾಸ್ನರ್, ಸ್ಟೀವ್ ಡೀರಿಂಗ್ ಇದರ ಹಿಂದೆ ಇದ್ದವರು. ಒಂದೇ ಧ್ವನಿಯನ್ನ ಕೇಳುಗರ ಸಂಖ್ಯೆಯಷ್ಟು ಸಲ ಕಳಿಸದೆ, ಒಂದು ಸಲ ಕಳಿಸಿ ದಾರಿಯಲ್ಲಿ ಕವಲೊಡೆಯೋ ಹಾಗೆ ಮಾಡೋ ಮಲ್ಟಿಕಾಸ್ಟ್ ಅನ್ನೋ ವಿಧಾನ ಡೀರಿಂಗ್ ಅವರ ಸಂಶೋಧನೆ. ನಮ್ಮಂಥ ಪಾಡ್‌ಕಾಸ್ಟ್‌ನವರಿಗೆ ಇದು ಮುತ್ತಜ್ಜಿ ಮನೆ ಇದ್ದ ಹಾಗೆ.

ತೊಂದರೆ ಏನಂದ್ರೆ ಆಗಿನ ರೌಟರ್‌ಗಳಿಗೆ ಮಲ್ಟಿಕಾಸ್ಟ್ ಗೊತ್ತೇ ಇರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳಲ್ಲಿ, ಲ್ಯಾಬ್‌ಗಳಲ್ಲಿ ಇದ್ದ ಮಾಮೂಲಿ ವರ್ಕ್‌ಸ್ಟೇಷನ್‌ಗಳ ಮೇಲೆ ಎಂರೌಟೆಡ್ ಅನ್ನೋ ಪ್ರೋಗ್ರಾಂ ಓಡಿಸಿ, ಅವುಗಳ ನಡುವೆ ಟನಲ್ ಕಟ್ಟಿದ್ರು. ಈ ಜಾಲಕ್ಕೆ ಎಂಬೋನ್ ಅಂತ ಹೆಸರು ಬಂತು. ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಒಂದು ಟನಲ್‌ಗೆ ಒಂದು ಸಾಲು: ‘ಟನಲ್’ ಅನ್ನೋ ಪದ, ನನ್ನ ನಂಬರ್, ನಿನ್ನ ನಂಬರ್, ಆಮೇಲೆ ಇನ್ನೆರಡು ಅಂಕಿ. ಅಷ್ಟೆ. ಆದರೆ ಅದೇ ಸಾಲು ತಲೆಕೆಳಗಾಗಿ ಆ ಕಡೆಯ ಮೆಷಿನ್‌ನಲ್ಲೂ ಇರ್ಬೇಕು. ಅಂದ್ರೆ ಆ ಕಡೆ ಒಬ್ಬ ಮನುಷ್ಯ ಇರ್ಬೇಕು, ಅವನಿಗೆ ನೀವು ಈಮೇಲ್ ಮಾಡಿರ್ಬೇಕು, ಅವನು ಒಪ್ಪಿರ್ಬೇಕು. ಆ ಕಾಲದಲ್ಲಿ ಟನಲ್ ಅಂದ್ರೆ ಇಬ್ಬರು ಪರಿಚಯದವರ ನಡುವಿನ ಮಾತುಕತೆ.

1993ರ ಜೂನ್ 24ಕ್ಕೆ ಸಿವಿಯರ್ ಟೈರ್ ಡ್ಯಾಮೇಜ್ ಅನ್ನೋ ಬ್ಯಾಂಡ್ ಎಂಬೋನ್ ಮೇಲೆ ಲೈವ್ ಹಾಡಿತು. ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರ ಆದ ಮೊದಲ ಬ್ಯಾಂಡ್ ಅಂತ ಅವರದೇ ಹೆಸರು. 1994ರ ನವೆಂಬರ್ 18ಕ್ಕೆ ರೋಲಿಂಗ್ ಸ್ಟೋನ್ಸ್ ತಮ್ಮ ಡಲ್ಲಾಸ್ ಕಾರ್ಯಕ್ರಮದ ಒಂದು ಭಾಗವನ್ನ ಎಂಬೋನ್ ಮೇಲೆ ಬಿಟ್ರು. ಅವರಿಗಿಂತ ಸ್ವಲ್ಪ ಮುಂಚೆ ಅದೇ ಜಾಲದ ಮೇಲೆ ಸಿವಿಯರ್ ಟೈರ್ ಡ್ಯಾಮೇಜ್‌ನವರು ಬಂದು ತಮ್ಮ ಹಾಡು ಹಾಡಿದ್ರು. ತಡೆಯೋರು ಯಾರು? ಜಾಲ ಯಾರಪ್ಪನ ಆಸ್ತಿಯೂ ಅಲ್ಲ. ನಮ್ಮಲ್ಲಿ ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ, ಇದೆಲ್ಲ ಆಗಿ ಹೋದ ಮೇಲೆ.

ಕೈಯಲ್ಲಿ ನಂಬರ್ ಬರೆಯೋ ಪದ್ಧತಿ 20 ಕಡೆಗೆ ಸರಿ. ಜಾಲ ದೊಡ್ಡದಾದಾಗ ತಲೆನೋವು ಶುರುವಾಯ್ತು. ಒಬ್ಬರ ಮೆಷಿನ್ ನಂಬರ್ ಬದಲಾದ್ರೆ ಆ ಕಡೆಯವರು ರಜೆಯಿಂದ ಬರೋ ತನಕ ಕಾಯ್ಬೇಕು. ಇನ್ನೊಂದು ವಿಚಿತ್ರ: ಒಂದೇ ಊರಿನ ಮೂರು ಕಾಲೇಜಿನವರು ಮೂರು ಬೇರೆ ಗೆಳೆಯರ ಜೊತೆ ಟನಲ್ ಹಾಕ್ಕೊಂಡ್ರೆ, ಮೂರೂ ಟನಲ್ ಒಂದೇ ತಂತಿಯ ಮೇಲೆ ಹೋಗ್ತಾ, ಒಂದೇ ಹಾಡನ್ನ ಮೂರು ಸಲ ಹೊತ್ತುಕೊಂಡು ಬರ್ತಿದ್ವು. ಒಂದೇ ಸಲ ಕಳಿಸೋಕೆ ಅಂತ ಕಟ್ಟಿದ ಜಾಲ!

ರೌಟರ್ ಕಂಪನಿಗಳು ಈ ಕೆಲಸಕ್ಕೆ ಇಳಿದದ್ದೂ ಅದೇ ಹೊತ್ತಲ್ಲಿ. 1994ರ ಅಕ್ಟೋಬರ್‌ನಲ್ಲಿ ಜಿಆರ್‌ಇ ಅನ್ನೋ ಟನಲ್ ವಿಧಾನದ ದಾಖಲೆ ಬಂತು, ಆರ್‌ಎಫ್‌ಸಿ 1701. ಬರೆದವರಲ್ಲಿ ಹೆಚ್ಚಿನವರು ಸಿಸ್ಕೊದವರು. ಇವತ್ತಿಗೂ ಸಿಸ್ಕೊ ರೌಟರ್ ಮುಂದೆ ಕೂತವರು ಬರೆಯೋದು ಎರಡು ಸಾಲು: ‘ಟನಲ್ ಸೋರ್ಸ್’, ‘ಟನಲ್ ಡೆಸ್ಟಿನೇಷನ್’. ನನಗೆ ಹಿಡಿಸಿದ್ದು ಸೋರ್ಸ್ ಸಾಲು. ನಮ್ಮ ತುದಿ ನಮಗೇ ಗೊತ್ತಿರುತ್ತಲ್ಲ, ಅದರಲ್ಲೇನು ಆಯ್ಕೆ ಅಂತ ಅನ್ನಿಸ್ಬಹುದು. ಆದರೆ ಒಂದು ರೌಟರ್‌ಗೆ ಹತ್ತು ಬಾಗಿಲು. ಪ್ರತಿ ಬಾಗಿಲಿಗೂ ಒಂದು ನಂಬರ್. ಮುಂಬಾಗಿಲಿನ ನಂಬರ್ ಕೊಟ್ಟಿದ್ದು, ಆ ಬಾಗಿಲ ಕೇಬಲ್ ತುಂಡಾದ್ರೆ, ಹಿತ್ತಲ ಬಾಗಿಲು ತೆರೆದಿದ್ರೂ ಟನಲ್ ಸತ್ತುಹೋಗುತ್ತೆ. ಅದಕ್ಕೆ ಅನುಭವಸ್ಥರು ಲೂಪ್‌ಬ್ಯಾಕ್ ಅನ್ನೋ ಒಂದು ಉಪಾಯ ಮಾಡ್ತಾರೆ. ಯಾವ ಕೇಬಲ್‌ಗೂ ಸೇರದ, ರೌಟರ್ ಬದುಕಿರೋವರೆಗೂ ಬದುಕಿರೋ ಒಂದು ಕಾಲ್ಪನಿಕ ಬಾಗಿಲು. ಅದರ ನಂಬರನ್ನೇ ಟನಲ್‌ನ ತುದಿ ಅಂತ ಕೊಡೋದು. ಮನೆಯ ವಿಳಾಸ ಕೊಡಿ, ಬಾಗಿಲಿನದು ಬೇಡ ಅಂದ ಹಾಗೆ.

ಡೆಸ್ಟಿನೇಷನ್ ಸಾಲಿನಲ್ಲೂ ಒಂದು ಹೊಂಡ ಇದೆ. ಆ ತುದಿಗೆ ಹೋಗೋ ದಾರಿಯನ್ನ ರೌಟರ್ ಅಕ್ಕಪಕ್ಕದವರಿಂದ ಕಲಿಯುತ್ತೆ. ಟನಲ್ ಎದ್ದ ಮೇಲೆ ಟನಲ್‌ನಿಂದಲೂ ದಾರಿಗಳನ್ನ ಕಲಿಯುತ್ತೆ. ಆಗ ಆ ತುದಿಗೆ ಹೋಗೋಕೆ ಒಳ್ಳೆ ದಾರಿ ಯಾವುದು ಅಂದ್ರೆ ಈ ಟನಲ್ಲೇ ಅಂತ ನಂಬಿಬಿಡಬಹುದು! ಲಕೋಟೆಯನ್ನ ಲಕೋಟೆಯೊಳಗೆ ಹಾಕಿ, ಅದನ್ನ ಮತ್ತೆ ಅದೇ ಲಕೋಟೆಯೊಳಗೆ ತುರುಕೋಕೆ ಹೊರಟ ಹಾಗೆ. ಸಿಸ್ಕೊ ರೌಟರ್ ಇದನ್ನ ಕಂಡುಹಿಡಿದು, ‘ರಿಕರ್ಸಿವ್ ರೌಟಿಂಗ್, ಸದ್ಯಕ್ಕೆ ಟನಲ್ ನಿಲ್ಲಿಸಿದ್ದೀನಿ’ ಅನ್ನೋ ಅರ್ಥದ ಒಂದು ಸಂದೇಶ ಹಾಕುತ್ತೆ. ಸ್ವಲ್ಪ ಹೊತ್ತಿಗೆ ಎದ್ದೇಳುತ್ತೆ, ಮತ್ತೆ ಬೀಳುತ್ತೆ. ರಾತ್ರಿ ಪಾಳಿಯ ನೆಟ್‌ವರ್ಕ್ ಎಂಜಿನಿಯರ್‌ಗಳನ್ನ ಕೇಳಿ ನೋಡಿ, ಈ ಸಂದೇಶ ಅವರಿಗೆ ಬಾಯಿಪಾಠ.

ಇಲ್ಲಿವರೆಗೆ ಎಲ್ಲರಿಗೂ ಒಂದು ಸ್ಥಿರವಾದ ನಂಬರ್ ಇದೆ ಅಂತ ಎಲ್ಲರೂ ಅಂದುಕೊಂಡಿದ್ರು. ಡಯಲ್‌ಅಪ್, ಆಮೇಲೆ ಬ್ರಾಡ್‌ಬ್ಯಾಂಡ್ ಬಂದು ಆ ನಂಬಿಕೆಯನ್ನ ಮುರಿದ್ವು. ಇವತ್ತು ಕನೆಕ್ಟ್ ಆದ್ರೆ ಒಂದು ನಂಬರ್, ನಾಳೆ ಇನ್ನೊಂದು. ಒಟ್ಟು ಐಪಿವಿ4 ನಂಬರ್‌ಗಳೇ ಸುಮಾರು 429 ಕೋಟಿ, ಎಲ್ಲರಿಗೂ ಕಾಯಂ ಕೊಡೋಕೆ ಎಲ್ಲಿಂದ ತರೋದು?

ಈ ಬದಲಾವಣೆ ಸುರಕ್ಷತೆಯ ಬುಡಕ್ಕೇ ಕೈ ಹಾಕಿದ್ದು ಐಪಿಸೆಕ್‌ನಲ್ಲಿ. ಕಂಪನಿಗಳ ವಿಪಿಎನ್ ಅಂತೀವಲ್ಲ, ಅದರ ಹಳೆಯ ಮತ್ತು ಗಟ್ಟಿ ವಿಧಾನ ಅದು. ಎರಡು ತುದಿಗಳು ಪರಸ್ಪರ ಗುರುತು ಹಿಡಿಯೋ ಕ್ರಮ 1998ರ ನವೆಂಬರ್‌ನಲ್ಲಿ ಬಂದ ಐಕೆಇ ಅನ್ನೋ ನಿಯಮದಲ್ಲಿದೆ. ಅದರ ‘ಮೇನ್ ಮೋಡ್’ನಲ್ಲಿ ಬಂದವನು ತನ್ನ ಹೆಸರನ್ನ ಮುಚ್ಚಿದ ಲಕೋಟೆಯಲ್ಲಿ ಕೊಡ್ತಾನೆ, ಬೇರೆಯವರು ನೋಡಬಾರದು ಅಂತ. ಸರಿ, ಒಳ್ಳೇದೇ. ಆದರೆ ಇಬ್ಬರೂ ಮೊದಲೇ ಹಂಚಿಕೊಂಡ ಪಾಸ್‌ವರ್ಡ್ ಬಳಸ್ತಾ ಇದ್ರೆ, ಆ ಲಕೋಟೆ ತೆರೆಯೋಕೆ ಅದೇ ಪಾಸ್‌ವರ್ಡ್ ಬೇಕು. ಹೆಡ್ ಆಫೀಸ್ ಬಳಿ ಐವತ್ತು ಜನರ ಐವತ್ತು ಪಾಸ್‌ವರ್ಡ್ ಇದೆ. ಯಾರದು ಅಂತ ಗೊತ್ತಾಗ್ಬೇಕಾದ್ರೆ ಹೆಸರು ನೋಡ್ಬೇಕು. ಹೆಸರು ನೋಡ್ಬೇಕಾದ್ರೆ ಪಾಸ್‌ವರ್ಡ್ ಗೊತ್ತಿರ್ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಉಳಿದಿದ್ದು ಒಂದೇ ಸುಳಿವು: ಪ್ಯಾಕೆಟ್ ಯಾವ ಐಪಿ ನಂಬರ್‌ನಿಂದ ಬಂತು ಅನ್ನೋದು. ನಿಯಮವೇ ಸ್ಪಷ್ಟವಾಗಿ ಹೇಳಿತ್ತು, ಈ ಮೋಡ್‌ನಲ್ಲಿ ಪಾಸ್‌ವರ್ಡ್ ಆರಿಸೋಕೆ ಇರೋ ದಾರಿ ಐಪಿ ವಿಳಾಸ ಮಾತ್ರ ಅಂತ. ಬ್ರಾಂಚ್ ಆಫೀಸ್‌ಗೆ ಕಾಯಂ ನಂಬರ್ ಇದ್ರೆ ಸಮಸ್ಯೆ ಇಲ್ಲ. ಆದರೆ ಹೋಟೆಲ್ ರೂಮಿಂದ ಲ್ಯಾಪ್‌ಟಾಪ್ ಹಚ್ಚೋ ಸೇಲ್ಸ್‌ಮನ್‌ಗೆ? ಅವನಿಗೆ ಎರಡು ದಾರಿ. ಒಂದು, ಹೆಡ್ ಆಫೀಸ್‌ನಲ್ಲಿ ಆ ತುದಿಯ ಜಾಗದಲ್ಲಿ ‘0.0.0.0’ ಅಂತ ಬರೆಯೋದು, ಅಂದ್ರೆ ಯಾರಾದ್ರೂ ಬರಲಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್. ಇಡೀ ವಠಾರಕ್ಕೆ ಒಂದೇ ಬೀಗದ ಕೈ. ಇನ್ನೊಂದು ‘ಅಗ್ರೆಸಿವ್ ಮೋಡ್’, ಅದರಲ್ಲಿ ಹೆಸರನ್ನ ತೆರೆದ ಕಾರ್ಡ್‌ನಲ್ಲೇ ಕಳಿಸೋದು. ಅದರ ಜೊತೆಗೆ ಪಾಸ್‌ವರ್ಡ್‌ನಿಂದ ಮಾಡಿದ ಒಂದು ಗುರುತೂ ಬಯಲಿಗೆ ಬರುತ್ತೆ. ಕಳ್ಳ ಅದನ್ನ ಹಿಡಿದಿಟ್ಟುಕೊಂಡು, ಮನೆಗೆ ಹೋಗಿ ಆರಾಮಾಗಿ ಒಂದೊಂದೇ ಪಾಸ್‌ವರ್ಡ್ ಊಹಿಸ್ತಾ ಕೂರಬಹುದು.

ಇದನ್ನ ನಾನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಕಾಯಂ ವಿಳಾಸ ಇದ್ದವರಿಗೆ ಗಟ್ಟಿ ಬೀಗ, ಇಲ್ಲದವರಿಗೆ ಸಡಿಲ ಬೀಗ. ಯಾರೂ ಹಾಗೆ ಆಗ್ಲಿ ಅಂತ ಬಯಸಲಿಲ್ಲ, ಆದರೆ ನಿಯಮದ ಒಳಗೆ ಅದು ಸೇರಿಕೊಂಡಿತ್ತು. ಐಪಿ ನಂಬರ್ ಹೇಳೋದು ‘ಎಲ್ಲಿದ್ದೀಯ’ ಅಂತ. ಅದನ್ನ ‘ಯಾರು ನೀನು’ ಅನ್ನೋದಕ್ಕೆ ಉತ್ತರವಾಗಿ ಬಳಸಿದ್ರು. ಡೋರ್ ನಂಬರನ್ನ ಆಧಾರ್ ಕಾರ್ಡ್ ಮಾಡಿಕೊಂಡ್ರೆ ಬಾಡಿಗೆ ಮನೆಯವರ ಗತಿ ಏನು? 2005ರ ಡಿಸೆಂಬರ್‌ನಲ್ಲಿ ಬಂದ ಐಕೆಇ ಎರಡನೇ ಆವೃತ್ತಿ ಈ ಗಂಟನ್ನ ಬಿಡಿಸಿತು. 2006ರಲ್ಲಿ ಬಂದ ಮೊಬೈಕ್ ಅನ್ನೋ ಸೇರ್ಪಡೆ, ಟನಲ್ ನಡೀತಾ ಇರುವಾಗಲೇ ತುದಿಯ ನಂಬರ್ ಬದಲಾದ್ರೂ ಪರವಾಗಿಲ್ಲ ಅಂತ ಮಾಡಿತು.

ಹೆಸರು ಬರೆದ್ರೆ ಸಾಕಲ್ಲ ಅಂತ ನಿಮಗೆ ಇಷ್ಟೊತ್ತಿಗೆ ಅನ್ನಿಸಿರುತ್ತೆ. ನಂಬರ್ ಬದಲಾದ ಕೂಡಲೇ ಡಿಎನ್‌ಎಸ್‌ನಲ್ಲಿ ಹೊಸದನ್ನ ದಾಖಲಿಸೋ ವಿಧಾನ 1997ರಲ್ಲೇ ಬಂದಿತ್ತು. ಅದರ ಹಿಂದೆಯೇ ಡೈನಾಮಿಕ್ ಡಿಎನ್‌ಎಸ್ ಸೇವೆಗಳು ಹುಟ್ಟಿಕೊಂಡ್ವು. ಮನೆಯ ರೌಟರ್ ತನ್ನ ಹೊಸ ನಂಬರ್ ತಾನೇ ಹೇಳುತ್ತೆ, ಜಗತ್ತು ಹೆಸರು ಹಿಡಿದು ಹುಡುಕುತ್ತೆ. ಚಂದವೇ. ಆದರೆ ಟನಲ್ ಹಾಕೋ ಎಷ್ಟೋ ಸಾಧನಗಳು ಹೆಸರನ್ನ ಒಂದೇ ಸಲ, ಸೆಟ್ಟಿಂಗ್ ಓದುವಾಗ ಮಾತ್ರ, ನಂಬರ್‌ಗೆ ಬದಲಾಯಿಸಿಕೊಂಡು ಆಮೇಲೆ ಹೆಸರನ್ನ ಮರೆತುಬಿಡ್ತವೆ. ಫೈಲ್‌ನಲ್ಲಿ ನಿಮ್ಮ ಕಣ್ಣಿಗೆ ಹೆಸರೇ ಕಾಣುತ್ತೆ, ಒಳಗೆ ಓಡ್ತಾ ಇರೋದು ಮೊನ್ನೆಯ ನಂಬರ್. ಇನ್ನು ಕರೆಂಟ್ ಹೋಗಿ ಬಂದಾಗ ರೌಟರ್ ಏಳುವ ಹೊತ್ತಿಗೆ ಡಿಎನ್‌ಎಸ್ ಸಿಗದೇ ಇರಬಹುದು. ಕೆಲವು ಆಫೀಸ್‌ಗಳಲ್ಲಿ ಡಿಎನ್‌ಎಸ್ ಸರ್ವರ್ ಇರೋದೇ ಟನಲ್‌ನ ಆ ಕಡೆ! ಅದೇ ಹುಚ್ಚು, ಅದೇ ಮದುವೆ.

ಈಗ ಮೂರನೇ ದಾರಿ, ಖಾಲಿ ಬಿಡೋದು. ಇದರ ಅತಿ ಧೈರ್ಯದ ಪ್ರಯೋಗ ನಡೆದದ್ದು ಐಪಿವಿ6ನಲ್ಲಿ. ಹೊಸ ಐಪಿವಿ6 ಪ್ಯಾಕೆಟ್‌ಗಳನ್ನ ಹಳೇ ಐಪಿವಿ4 ಜಾಲದ ಮೇಲೆ ಸಾಗಿಸ್ಬೇಕಿತ್ತು. 1996ರಲ್ಲಿ ಶುರುವಾದ 6ಬೋನ್ ಅನ್ನೋ ಪ್ರಯೋಗ ಜಾಲ ಎಂಬೋನ್ ಥರವೇ ಹೆಚ್ಚಾಗಿ ಕೈಬರಹದ ಟನಲ್‌ಗಳದ್ದು. ಆಮೇಲೆ 2001ರ ಫೆಬ್ರವರಿಯಲ್ಲಿ ಬ್ರಯನ್ ಕಾರ್ಪೆಂಟರ್ ಮತ್ತು ಕೀತ್ ಮೂರ್ 6ಟು4 ಅನ್ನೋದನ್ನ ತಂದ್ರು. ಅದರ ಜಾಣತನ ನೋಡಿ: ನಿಮ್ಮ ಐಪಿವಿ4 ನಂಬರನ್ನೇ ನಿಮ್ಮ ಐಪಿವಿ6 ವಿಳಾಸದ ಒಳಗೆ ಹೊಲಿದುಬಿಡೋದು. ವಿಳಾಸ 2002ರಿಂದ ಶುರು, ಅದರ ಪಕ್ಕದಲ್ಲೇ ನಿಮ್ಮ ಹಳೇ ನಂಬರ್. ಪ್ಯಾಕೆಟ್ ನೋಡಿದ ಕೂಡಲೇ ಟನಲ್‌ನ ಆ ತುದಿ ಎಲ್ಲಿ ಅಂತ ಲೆಕ್ಕ ಹಾಕಬಹುದು. ಯಾರಿಗೂ ಈಮೇಲ್ ಬೇಡ, ಯಾರ ಒಪ್ಪಿಗೆಯೂ ಬೇಡ.

ಹಾಗಾದ್ರೆ 6ಟು4 ಬಳಸದ, ನಿಜವಾದ ಐಪಿವಿ6 ಇರೋ ಕಡೆಗೆ ಹೋಗೋದು ಹೇಗೆ? ಮಧ್ಯೆ ಒಬ್ಬ ದಲ್ಲಾಳಿ ಬೇಕು, ರಿಲೇ ಅಂತ. ಅದೇ ವರ್ಷ ಜೂನ್‌ನಲ್ಲಿ ಕ್ರಿಸ್ಟಿಯನ್ ಹುಯಿಟೆಮಾ ಅದಕ್ಕೂ ಒಂದು ಉಪಾಯ ಹೇಳಿದ್ರು: ಜಗತ್ತಿನ ಎಲ್ಲಾ ರಿಲೇಗಳಿಗೂ ಒಂದೇ ನಂಬರ್, 192.88.99.1. ಆ ನಂಬರ್‌ಗೆ ಕಳಿಸಿದ್ರೆ ನೆಟ್‌ವರ್ಕ್ ಲೆಕ್ಕದಲ್ಲಿ ಹತ್ತಿರ ಇರೋ ಯಾರೋ ಒಬ್ಬರು ಎತ್ತಿಕೊಳ್ತಾರೆ. ಯಾರು? ಗೊತ್ತಿಲ್ಲ. ಅವರು ಯಾಕೆ ಪುಕ್ಕಟೆ ಸಾಗಿಸ್ಬೇಕು? ಅದೂ ಗೊತ್ತಿಲ್ಲ. ವಾಪಸ್ ಬರೋ ಪ್ಯಾಕೆಟ್ ಇನ್ಯಾರದೋ ರಿಲೇ ಮೂಲಕ ಬರಬಹುದು, ಮಧ್ಯದ ಫೈರ್‌ವಾಲ್ ಅದನ್ನ ಕಸದ ಬುಟ್ಟಿಗೆ ಹಾಕಬಹುದು. ಕೆಟ್ಟಾಗ ಫೋನ್ ಮಾಡಿ ಬೈಯೋಣ ಅಂದ್ರೂ ಆ ಕಡೆ ಹೇಳೋರಿಲ್ಲ ಕೇಳೋರಿಲ್ಲ. ಕೆಲವು ಮನೆ ರೌಟರ್‌ಗಳಲ್ಲಿ ಇದು ತಾನಾಗೇ ಆನ್ ಆಗಿರ್ತಿತ್ತು. ಬಳಕೆದಾರರಿಗೆ ಗೊತ್ತಾಗ್ತಿದ್ದದ್ದು ಇಷ್ಟೇ, ವೆಬ್‌ಸೈಟ್ ತೆರೆಯೋಕೆ ವಿಪರೀತ ಹೊತ್ತು ಹಿಡಿಯುತ್ತೆ ಅಂತ. 2011ರ ಆಗಸ್ಟ್‌ನಲ್ಲಿ ಕಾರ್ಪೆಂಟರ್ ಅವರೇ ಇದರ ತೊಂದರೆಗಳನ್ನ ಪಟ್ಟಿ ಮಾಡಿ ಎಚ್ಚರಿಕೆಯ ದಾಖಲೆ ಬರೆದ್ರು. ಹೆತ್ತವರೇ ಮಗುವಿನ ಬಗ್ಗೆ ದೂರು ಬರೆಯೋದು ಅಂದ್ರೆ ನೋಡಿ, ಅಪರೂಪದ ಪ್ರಾಮಾಣಿಕತೆ. 2015ರ ಮೇ ತಿಂಗಳಲ್ಲಿ ಆ ಸಾರ್ವಜನಿಕ ನಂಬರ್‌ನ ಬಳಕೆಯನ್ನ ಅಧಿಕೃತವಾಗಿ ಕೈಬಿಟ್ರು.

ನನ್ನ ಮಟ್ಟಿಗೆ 6ಟು4 ಸೋತದ್ದು ತಂತ್ರಜ್ಞಾನ ಕೆಟ್ಟದ್ದು ಅಂತ ಅಲ್ಲ. ಆ ತುದಿಯಲ್ಲಿ ಜವಾಬ್ದಾರಿ ಹೊರೋ ಒಬ್ಬ ಮನುಷ್ಯ ಇರಲಿಲ್ಲ, ಅದಕ್ಕೆ. ಯಾಕಂದ್ರೆ ಅದೇ ಹೊತ್ತಲ್ಲಿ ಟನಲ್ ಬ್ರೋಕರ್ ಅನ್ನೋ ವಿಧಾನ ಚೆನ್ನಾಗೇ ನಡೀತು. ಹರಿಕೇನ್ ಎಲೆಕ್ಟ್ರಿಕ್, ಸಿಕ್ಸ್‌ಎಕ್ಸ್‌ಎಸ್ ಅಂಥವರು ಪುಕ್ಕಟೆ ಟನಲ್ ಕೊಡ್ತಿದ್ರು. ನೀವು ಅಕೌಂಟ್ ಮಾಡ್ಬೇಕು, ಅವರ ಕಾಯಂ ನಂಬರ್ ನಿಮ್ಮ ಕಡೆ ಬರೆಯಬೇಕು, ನಿಮ್ಮ ನಂಬರ್ ಬದಲಾದಾಗ ಅವರಿಗೆ ತಿಳಿಸ್ಬೇಕು. ಸಿಕ್ಸ್‌ಎಕ್ಸ್‌ಎಸ್‌ನಲ್ಲಿ ಅದಕ್ಕಂತಲೇ ಹಾರ್ಟ್‌ಬೀಟ್ ಅನ್ನೋ ವ್ಯವಸ್ಥೆ ಇತ್ತು, ಇನ್ನೂ ಇಲ್ಲೇ ಇದ್ದೀನಿ ಅಂತ ಆಗಾಗ ಹೇಳ್ತಾ ಇರೋದು. 2017ರ ಜೂನ್ 6ಕ್ಕೆ ಅವರು ಸೇವೆ ನಿಲ್ಲಿಸಿದ್ರು. ನಾವು ಟನಲ್ ಕೊಡ್ತಾ ಇರೋವರೆಗೂ ನಿಮ್ಮ ಇಂಟರ್‌ನೆಟ್ ಕಂಪನಿ ನಿಜವಾದ ಐಪಿವಿ6 ಕೊಡಲ್ಲ, ಹೋಗಿ ಅವರನ್ನ ಕೇಳಿ ಅನ್ನೋದು ಅವರ ವಾದವಾಗಿತ್ತು.

ಕಂಪನಿಗಳ ರೌಟರ್‌ಗಳಲ್ಲೂ ಅರ್ಧ ಖಾಲಿ ಬಿಡೋ ಪದ್ಧತಿ ಬಂತು. ನೂರು ಬ್ರಾಂಚ್ ಇರೋ ಬ್ಯಾಂಕ್ ಅಂದುಕೊಳ್ಳಿ. ಪ್ರತಿ ಬ್ರಾಂಚ್‌ನಲ್ಲೂ ಹೆಡ್ ಆಫೀಸ್ ನಂಬರ್ ಬರೆದಿರುತ್ತೆ. ಹೆಡ್ ಆಫೀಸ್‌ನಲ್ಲಿ ಯಾರ ನಂಬರೂ ಇಲ್ಲ. ಬ್ರಾಂಚ್‌ಗಳೇ ಬಂದು ಹಾಜರಿ ಹಾಕ್ತವೆ. ಎರಡರಲ್ಲಿ ಒಂದು ತುದಿ ಗಟ್ಟಿಯಾಗಿ ನಿಂತಿದ್ರೆ ಸಾಕು ಅನ್ನೋದು ಆ ಲೆಕ್ಕ.

ಈ ಲೆಕ್ಕವನ್ನ ಅತಿ ಸರಳವಾಗಿ ಬರೆದದ್ದು ಜೇಸನ್ ಡೊನೆನ್‌ಫೆಲ್ಡ್ ಅವರ ವೈರ್‌ಗಾರ್ಡ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರ ಒಳಗೇ ಅದು ಸೇರಿಕೊಂಡಿತು. ಅದರಲ್ಲಿ ಆ ತುದಿಯ ಗುರುತು ನಂಬರೂ ಅಲ್ಲ, ಹೆಸರೂ ಅಲ್ಲ. ಒಂದು ಪಬ್ಲಿಕ್ ಕೀ. ‘ಎಂಡ್‌ಪಾಯಿಂಟ್’ ಅನ್ನೋ ಸಾಲು ಬೇಕಾದ್ರೆ ಬರೀರಿ, ಬೇಡವಾದ್ರೆ ಬಿಡಿ. ಕೀ ಸರಿ ಇರೋ ಪ್ಯಾಕೆಟ್ ಕೊನೆಗೆ ಯಾವ ನಂಬರ್‌ನಿಂದ ಬಂತೋ, ಆ ತುದಿ ಈಗ ಅಲ್ಲಿದೆ ಅಂತ ಅದು ತಾನೇ ಬರ್ಕೊಳ್ಳುತ್ತೆ. ವೈಫೈನಿಂದ ಮೊಬೈಲ್ ಡೇಟಾಗೆ ಬದಲಾದ್ರೂ ಟನಲ್ ಕಡಿಯಲ್ಲ. ‘ಯಾರು’ ಮತ್ತು ‘ಎಲ್ಲಿ’ ಕೊನೆಗೂ ಬೇರೆಯಾದ್ವು. ಒಂದು ಹಳೇ ಚಾಳಿ ಮಾತ್ರ ಇಲ್ಲೂ ಉಳಿದಿದೆ: ಎಂಡ್‌ಪಾಯಿಂಟ್ ಜಾಗದಲ್ಲಿ ಹೆಸರು ಬರೆದ್ರೆ ಅದನ್ನ ಒಂದೇ ಸಲ ಹುಡುಕೋದು. ಮತ್ತೆ ಮತ್ತೆ ಹುಡುಕೋಕೆ ಅಂತ ಬೇರೆ ಒಂದು ಸಣ್ಣ ಸ್ಕ್ರಿಪ್ಟ್ ಕೊಡ್ತಾರೆ.

ಹಾಗಾದ್ರೆ ಸಮಸ್ಯೆ ಮುಗೀತಲ್ಲ? ನನ್ನ ಚಿಕ್ಕಪ್ಪನ್ನ ಕೇಳಿ. ದಾವಣಗೆರೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ, ಅಂದ್ರೆ ಮೊಳೆ, ಪೈಪು, ಪೇಂಟು. ಹರಿಹರದಲ್ಲಿ ಗೋಡೌನು. ಟ್ಯಾಲಿ ಇರೋದು ಅಂಗಡಿ ಕಂಪ್ಯೂಟರ್‌ನಲ್ಲಿ, ಗೋಡೌನ್‌ನಿಂದಲೂ ಅದನ್ನ ನೋಡ್ಬೇಕು. ಎರಡು ಕಡೆಯೂ ಫೈಬರ್ ಇದೆ. ‘ಬಿ.ಕಾಂ ಓದಿ ಮೈಕ್ ಮುಂದೆ ಮಾತಾಡ್ತೀಯಲ್ಲೋ, ಇದೊಂದು ಮಾಡಿಕೊಡು’ ಅಂದ್ರು. ರೌಟರ್ ತೆಗೆದು ನೋಡಿದ್ರೆ ಎರಡರಲ್ಲೂ ಹೊರಗಿನ ಐಪಿ ನಂಬರ್ 100ರಿಂದ ಶುರು. 100.64ರಿಂದ 100.127ರವರೆಗಿನ ನಂಬರ್‌ಗಳು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ ತೆಗೆದಿಟ್ಟವು. ನೂರಾರು ಮನೆಗೆ ಒಂದು ನಿಜವಾದ ನಂಬರ್ ಹಂಚೋ ಸಿಜಿನ್ಯಾಟ್ ಅನ್ನೋ ವ್ಯವಸ್ಥೆ. ನೀವು ಹೊರಗೆ ಹೋಗಬಹುದು, ಹೊರಗಿನವರು ನಿಮ್ಮ ಬಾಗಿಲಿಗೆ ಬರೋಹಾಗಿಲ್ಲ. ಎರಡು ತುದಿಯೂ ಹಾಗಿದ್ರೆ ಯಾರು ಯಾರನ್ನ ಕರೆಯೋದು? ಕೀ ಎಷ್ಟೇ ಗಟ್ಟಿ ಇರಲಿ, ಒಂದು ತುದಿಯಾದ್ರೂ ನಿಂತಿರ್ಬೇಕಲ್ಲ.

ಕಂಪನಿಗೆ ಫೋನ್ ಮಾಡಿದ್ರೆ ಸ್ಟಾಟಿಕ್ ಐಪಿಗೆ ತಿಂಗಳಿಗೆ ಬೇರೆ ದುಡ್ಡು ಅಂದ್ರು. ಚಿಕ್ಕಪ್ಪ ಕೇಳಿದ್ದು ಇದು: ‘ಅಂಗಡಿ ನಂದು, ಗೋಡೌನು ನಂದು, ಎರಡೂ ಕಡೆ ಬಿಲ್ ಕಟ್ಟೋನು ನಾನು. ನನಗೆ ನಾನೇ ಸಿಗೋಕೆ ಇನ್ಯಾರಿಗೋ ಬಾಡಿಗೆ ಯಾಕೆ?’

ನನ್ನ ಬಳಿ ಇದ್ದದ್ದು ಲೆಕ್ಕದ ಉತ್ತರ ಮಾತ್ರ. 1992ರಲ್ಲಿ ಗೆಳೆಯನಿಗೆ ಈಮೇಲ್ ಮಾಡಿ ಬರೀತಾ ಇದ್ದ ಆ ನಂಬರ್ ಈಗ ಆಸ್ತಿ. 2011ರ ಫೆಬ್ರವರಿ 3ಕ್ಕೆ ಜಾಗತಿಕ ಉಗ್ರಾಣ ಖಾಲಿಯಾಯ್ತು. ಅದೇ ವರ್ಷ ಏಪ್ರಿಲ್ ಹೊತ್ತಿಗೆ ನಮ್ಮ ಏಷ್ಯಾ ಪೆಸಿಫಿಕ್ ಭಾಗದಲ್ಲಿ ರೇಷನ್ ಶುರು. ಅದೇ 2011ರಲ್ಲಿ ಮೈಕ್ರೋಸಾಫ್ಟ್, ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ 6,66,624 ನಂಬರ್‌ಗಳನ್ನ 75 ಲಕ್ಷ ಡಾಲರ್‌ಗೆ ಕೊಂಡಿತು. ಒಂದಕ್ಕೆ ಹನ್ನೊಂದು ಡಾಲರ್ ಮೇಲೆ. ಅಮೆಜಾನ್‌ನ ಕ್ಲೌಡ್ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ನಂಬರ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಹಾಕ್ತಿದೆ, ಗಂಟೆಗೆ ಅರ್ಧ ಸೆಂಟ್. ಮೊದಲು ಬಂದ ದೇಶಗಳು, ಮೊದಲು ಬಂದ ಕಂಪನಿಗಳು ರಾಶಿ ಹಾಕಿಕೊಂಡ್ವು. ತಡವಾಗಿ ಬಂದ ನಮ್ಮಂಥ ದೊಡ್ಡ ದೇಶ ಒಂದು ನಂಬರ್‌ನ ನೂರಾರು ಜನ ಹಂಚಿಕೊಂಡು ಬದುಕೋದನ್ನ ಕಲೀತು.

ಐಪಿವಿ6 ಈ ಕೊರತೆಗೆ ನಿಜವಾದ ಔಷಧಿ, ಮೊಬೈಲ್‌ನಲ್ಲಿ ಭಾರತ ಅದನ್ನ ಬಳಸೋದರಲ್ಲಿ ಬಹಳ ಮುಂದಿದೆ. ಆದರೆ ಹರಿಹರದ ಗೋಡೌನ್ ಲೈನ್‌ನಲ್ಲಿ ಐಪಿವಿ6 ಇರಲಿಲ್ಲ. ಕೊನೆಗೆ ನಾವು ಮಾಡಿದ್ದು, ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ಅತಿ ಅಗ್ಗದ ಸರ್ವರ್ ಬಾಡಿಗೆಗೆ ತಗೊಂಡಿದ್ದು. ಅದಕ್ಕೊಂದು ಕಾಯಂ ನಂಬರ್ ಇದೆ. ಅಂಗಡಿ, ಗೋಡೌನ್ ಎರಡೂ ಕಡೆ ವೈರ್‌ಗಾರ್ಡ್ ಹಾಕಿ, ಎಂಡ್‌ಪಾಯಿಂಟ್ ಜಾಗದಲ್ಲಿ ಆ ನಂಬರ್ ಬರೆದೆ. ಹೆಸರಲ್ಲ, ನಂಬರೇ. ಹರಿಹರದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತೆ ಅಂತ ನನಗೆ ಗೊತ್ತು, ಪ್ರತಿ ಸಲ ಡಿಎನ್‌ಎಸ್‌ಗೆ ಕಾಯೋದು ಬೇಡ ಅನ್ನಿಸಿತು. ಎರಡೂ ಕಡೆಯಿಂದ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗ್ತಾ ಇರುತ್ತೆ, ಮಧ್ಯದ ಸಿಜಿನ್ಯಾಟ್ ಬಾಗಿಲು ಮುಚ್ಚಬಾರದು ಅಂತ.

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಲ್ಲಿ ಅರ್ಧ ಗಂಟೆ. ಸ್ಟಾಕ್ ಎಷ್ಟಿದೆ ಅನ್ನೋ ಲೆಕ್ಕ ಬೆಂಗಳೂರಿಗೆ ಹೋಗಿ ಬರುತ್ತೆ. ಚಿಕ್ಕಪ್ಪ ಬಾಡಿಗೆ ಕಟ್ತಾ ಇದ್ದಾರೆ, ಸ್ಟಾಟಿಕ್ ಐಪಿಗಿಂತ ಕಡಿಮೆ ಅನ್ನೋದಷ್ಟೇ ಸಮಾಧಾನ. ಸರ್ವರ್‌ನ ಫೈಲ್‌ನಲ್ಲಿ ಅಂಗಡಿಗೊಂದು ಕೀ, ಗೋಡೌನ್‌ಗೊಂದು ಕೀ ಇದೆ. ಎಂಡ್‌ಪಾಯಿಂಟ್ ಸಾಲು ಎರಡಕ್ಕೂ ಬರೆದಿಲ್ಲ.